ಪಾಲಿಸಿಯ ಹದಿನೆಂಟನೇ ಕಲಂ

ಆರೋಗ್ಯ ವಿಮೆಯ ಪುಸ್ತಕವನ್ನು ಕೊನೆವರೆಗೂ ಓದುವವರು ಎರಡೇ ಥರದವರು. ಕ್ಲೇಮ್ ವಾಪಸ್ ಬಂದವರು, ಇಲ್ಲವೇ ಅದನ್ನು ಓದುವುದಕ್ಕೇ ಸಂಬಳ ತೆಗೆದುಕೊಳ್ಳುವವರು. ನಾನು ಎರಡನೇ ಗುಂಪು. ಮೈಸೂರಿನ ಹೂಟಗಳ್ಳಿ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳ, ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ), ಗುಂಪು ವಿಮೆ ಎಲ್ಲ ನೋಡಿಕೊಳ್ಳುತ್ತೇನೆ. ಹೆಸರಿಗೆ ಅಕೌಂಟ್ಸ್. ಅರ್ಧ ದಿನ ಹೋಗುವುದು ಮಾತ್ರ ಜನರ ಆಸ್ಪತ್ರೆ ಬಿಲ್ಲು ಓದುವುದರಲ್ಲಿ.

ನಿಮ್ಮ ಮನೆಯಲ್ಲಿ ಒಂದು ಪಾಲಿಸಿ ಇದ್ದರೆ ತೆಗೆದು ನೋಡಿ. ಯಾವ ಕಂಪನಿಯದಾದರೂ ಪರವಾಗಿಲ್ಲ. ‘ಇವಕ್ಕೆಲ್ಲ ಹಣ ಕೊಡುವುದಿಲ್ಲ’ ಅನ್ನುವ ಪಟ್ಟಿಗೆ ಹೋಗಿ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಈ ಪಟ್ಟಿಯ ಮಾತುಗಳನ್ನು ಎಲ್ಲ ಕಂಪನಿಗೂ ಒಂದೇ ರೀತಿ ಮಾಡಿತು. ಪ್ರತಿ ವಿಷಯಕ್ಕೂ ಒಂದು ನಂಬರ್ ಕೊಟ್ಟಿತು. ಅದರಲ್ಲಿ ಹದಿನೇಳನೆಯದು ಬಂಜೆತನ ಮತ್ತು ಸಂತಾನ ನಿಯಂತ್ರಣ. ಗರ್ಭ ನಿರೋಧಕ ಯಾವುದೇ ಇರಲಿ, ಮಕ್ಕಳಾಗದ ಆಪರೇಷನ್ ಇರಲಿ, ಐವಿಎಫ್ ಇರಲಿ, ಬಾಡಿಗೆ ತಾಯ್ತನ ಇರಲಿ, ಹಣ ಇಲ್ಲ. ಹದಿನೆಂಟನೆಯದು ಹೆರಿಗೆ. ನಾರ್ಮಲ್ ಆದರೂ ಇಲ್ಲ, ಸಿಸೇರಿಯನ್ ಆದರೂ ಇಲ್ಲ, ಹೆರಿಗೆಯಲ್ಲಿ ತೊಂದರೆಯಾದರೂ ಇಲ್ಲ. ಗರ್ಭನಾಳದಲ್ಲಿ ಕೂತ ಬಸಿರಿಗೆ ಮಾತ್ರ ವಿನಾಯಿತಿ.

ಅದೇ ಕಲಂನಲ್ಲಿ ಇನ್ನೊಂದು ಸಾಲು ಇದೆ. ಗರ್ಭಪಾತದ ಖರ್ಚೂ ಸಿಗುವುದಿಲ್ಲ, ಅಪಘಾತದಿಂದ ಆದದ್ದು ಬಿಟ್ಟು. ಅಂದರೆ ಸ್ಕೂಟರಿನಿಂದ ಬಿದ್ದು ಬಸಿರು ಹೋದರೆ ಕೊಡುತ್ತಾರೆ, ತಾನಾಗಿ ಹೋದರೆ ಇಲ್ಲ. ಕಾನೂನಿನ ಪ್ರಕಾರ, ಆಸ್ಪತ್ರೆಯಲ್ಲಿ, ಡಾಕ್ಟರ ಕೈಯಲ್ಲಿ ಮಾಡಿಸಿಕೊಂಡ ಗರ್ಭಪಾತಕ್ಕೂ ಇಲ್ಲ. ‘ಕಾನೂನುಬದ್ಧ’ ಅಂತ ಕಲಂನಲ್ಲೇ ಬರೆದಿದ್ದಾರೆ. ಕಾನೂನುಬದ್ಧ ಅಂತ ಒಪ್ಪಿಕೊಂಡು, ಆಮೇಲೆ ಹೊರಗೆ ಹಾಕಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಪಟ್ಟಿ ಹೇಳುವುದು ಕಂಪನಿಗಳು ಇವನ್ನು ಹೊರಗಿಡಬಹುದು ಅಂತ. ಹೊರಗಿಡಲೇಬೇಕು ಅಂತ ಅಲ್ಲ. ದುಡ್ಡು ಜಾಸ್ತಿ ಕೊಟ್ಟರೆ ಹೆರಿಗೆ ಕವರ್ ಸೇರಿಸುವ ಪಾಲಿಸಿಗಳು ಇವೆ. ಆದರೆ ಅದಕ್ಕೆ ಕಾಯಬೇಕು. ಸಾಮಾನ್ಯವಾಗಿ ಎರಡು ವರ್ಷದಿಂದ ನಾಲ್ಕು ವರ್ಷ. ಮದುವೆ ಗೊತ್ತಾದ ದಿನವೇ ಪಾಲಿಸಿ ಮಾಡಿಸಿದರೂ, ನಮ್ಮ ಕಡೆ ಮದುವೆಯಾದ ಆರನೇ ತಿಂಗಳಿಗೆ ‘ಏನಾದರೂ ವಿಶೇಷ ಇದೆಯಾ’ ಅಂತ ಕೇಳುವ ಅತ್ತೆಯಂದಿರಿಗೆ ವಿಮೆ ಕಂಪನಿಯ ಕ್ಯಾಲೆಂಡರ್ ಹೊಂದುವುದಿಲ್ಲ.

ನಾನು ಈ ಬರಹದಲ್ಲಿ ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಹೆಣ್ಣಿನ ಬಸಿರು, ಹೆರಿಗೆ, ಗರ್ಭಪಾತ, ಸಂತಾನ ನಿಯಂತ್ರಣ, ಮುಟ್ಟಿನ ತೊಂದರೆ ಎಲ್ಲವನ್ನೂ ಆರೋಗ್ಯ ವಿಮೆ ಒಳಗೆ ತೆಗೆದುಕೊಳ್ಳಲೇಬೇಕು ಅಂತ ಕಾನೂನು ಆಗಬೇಕು. ಆದರೆ ‘ಎಲ್ಲವನ್ನೂ’ ಅನ್ನುವುದರ ಮೇಲೆ ನನ್ನ ಒತ್ತು. ಅರ್ಧಕ್ಕೆ ಮಾತ್ರ ಕಡ್ಡಾಯ ಮಾಡಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಗಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಈಗ ಯಾರಿಗೆ ಏನು ಸಿಗುತ್ತದೆ ನೋಡೋಣ.

ಬಡವರಿಗೆ ಸರ್ಕಾರಿ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್. 2011ರಿಂದ ಕೇಂದ್ರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್, ಔಷಧಿ, ಊಟ, ಓಡಾಟ ಎಲ್ಲ ಸೇರಿ. ಚೆಲುವಾಂಬದ ಮುಂದೆ ಬೆಳಿಗ್ಗೆ ಹೊತ್ತು ನಿಂತರೆ ಹುಣಸೂರು, ಎಚ್.ಡಿ.ಕೋಟೆ, ಪಾಂಡವಪುರ, ಕೊಳ್ಳೇಗಾಲ ಎಲ್ಲ ಕಡೆಯ ಜನ ಸಿಗುತ್ತಾರೆ. ಕೈಯಲ್ಲಿ ತಾಯಿ ಕಾರ್ಡ್, ಬಗಲಲ್ಲಿ ಫ್ಲಾಸ್ಕ್. ಗದ್ದಲದ ಬಗ್ಗೆ, ಹಾಸಿಗೆ ಸಾಲದ ಬಗ್ಗೆ ದೂರು ಹೇಳುವವರೂ ಬಿಲ್ಲಿನ ಬಗ್ಗೆ ಹೇಳುವುದಿಲ್ಲ. ಈ ವ್ಯವಸ್ಥೆಯನ್ನು ಸುಮ್ನೆ ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಅಂತ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ. ನಮ್ಮಜ್ಜಿ ಕಾಲದಲ್ಲಿ ಸೂಲಗಿತ್ತಿ, ಕತ್ತಲ ಕೋಣೆ. ದೊಡ್ಡ ದಾರಿ ಬಂದಿದ್ದೇವೆ.

ಇನ್ನು ಕಾರ್ಖಾನೆಯ ಹೆಣ್ಣುಮಕ್ಕಳು. ಅವರಿಗೆ ಇಎಸ್‌ಐ. ನನ್ನ ದೃಷ್ಟಿಯಲ್ಲಿ ಈ ದೇಶದಲ್ಲಿ ಕಡ್ಡಾಯ ವಿಮೆ ಅಂದರೆ ಹೇಗಿರಬೇಕು ಅನ್ನುವುದಕ್ಕೆ ಇರುವ ಒಳ್ಳೆಯ ಉದಾಹರಣೆ ಅದೇ. ಆಸ್ಪತ್ರೆಯ ಬಗ್ಗೆ ಹೇಳುತ್ತಿಲ್ಲ, ಅದರ ಕಥೆ ಬೇರೆ. ಕಾನೂನಿನ ಬಗ್ಗೆ ಹೇಳುತ್ತಿದ್ದೇನೆ. 1948ರ ಕಾಯ್ದೆಯಿಂದ ಶುರುವಾದದ್ದು. ಸಂಬಳದ ಶೇ. 0.75 ನೌಕರರಿಂದ, ಶೇ. 3.25 ಮಾಲೀಕರಿಂದ. ಗಂಡಸಾದರೂ ಹೆಂಗಸಾದರೂ ಒಂದೇ ಲೆಕ್ಕ. ಬಸಿರಾಗುವ ವಯಸ್ಸು ಅಂತ ಜಾಸ್ತಿ ಕೇಳುವುದಿಲ್ಲ. ಹೆರಿಗೆಗೆ 26 ವಾರ ರಜೆ, ಗರ್ಭಪಾತವಾದರೆ ಆರು ವಾರ. ಆ ರಜೆಯ ಹಣ ಮಾಲೀಕರ ಜೇಬಿನಿಂದ ಬರುವುದಿಲ್ಲ. ಇಎಸ್‌ಐ ನಿಗಮದಿಂದ ಬರುತ್ತದೆ. ಹೊರರೋಗಿಯಾಗಿ ತೋರಿಸಿಕೊಂಡು ಮಾತ್ರೆ ತರುವುದೂ ಇದರೊಳಗೇ.

ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿತೋ, ಇಎಸ್‌ಐ ಮುಗಿಯಿತು. ಈ ಮಿತಿ 2017ರ ಜನವರಿಯಿಂದ ಇದೆ. ಆಗಿನಿಂದ ಬೇಳೆ, ಬಾಡಿಗೆ, ಬಸ್ ಚಾರ್ಜು ಎಲ್ಲ ಏರಿದೆ. ಮಿತಿ ಮಾತ್ರ ನಿಂತಲ್ಲೇ ನಿಂತಿದೆ. ನಮ್ಮ ಲೈನಿನಲ್ಲಿ ಒಬ್ಬ ಹುಡುಗಿ, ಶ್ರೀರಂಗಪಟ್ಟಣದ ಕಡೆಯವಳು, ಚುರುಕು. ಸೂಪರ್‌ವೈಸರ್ ಮಾಡಿದರು. ಸಂಬಳ ಮಿತಿ ದಾಟಿತು. ಕಾಂಟ್ರಿಬ್ಯೂಷನ್ ಅವಧಿ ಮುಗಿದ ಮೇಲೆ ಇಎಸ್‌ಐನಿಂದ ಹೊರಬಂದು ಕಂಪನಿಯ ಗುಂಪು ವಿಮೆಗೆ ಬಂದಳು. ಎಲ್ಲರಿಗೂ ಸಂತೋಷ. ಖಾಸಗಿ ಆಸ್ಪತ್ರೆಗೆ ಹೋಗಬಹುದು, ಕಾರ್ಡು ತೋರಿಸಿದರೆ ಸಾಕು. ಆಮೇಲೆ ಮೂರನೇ ತಿಂಗಳಲ್ಲಿ ಬಸಿರು ನಿಲ್ಲಲಿಲ್ಲ. ರಕ್ತಸ್ರಾವ, ರಾತ್ರಿ ಅಡ್ಮಿಷನ್, ಕ್ಲೀನಿಂಗ್, ಎರಡು ಬಾಟಲಿ ರಕ್ತ. ನಮ್ಮ ಗುಂಪು ವಿಮೆಯಲ್ಲಿ ಹೆರಿಗೆಗೆ 50,000 ರೂಪಾಯಿವರೆಗೆ ಇತ್ತು. ಕಂಪನಿಯವರು ‘ಹೆರಿಗೆ’ ಅಂದರೆ ಹೆರಿಗೆ ಅಂದರು. ಇದು ಹೆರಿಗೆ ಅಲ್ಲ, ಅಪಘಾತವೂ ಅಲ್ಲ. ಕ್ಲೇಮ್ ವಾಪಸ್. ಇಎಸ್‌ಐನಲ್ಲೇ ಇದ್ದಿದ್ದರೆ ಚಿಕಿತ್ಸೆಯೂ ಸಿಗುತ್ತಿತ್ತು, ಆರು ವಾರದ ರಜೆಯ ಹಣವೂ ನಿಗಮದಿಂದಲೇ ಬರುತ್ತಿತ್ತು. ಬಡ್ತಿ ಸಿಕ್ಕಿದ್ದಕ್ಕೆ ದಂಡ ಕಟ್ಟಿದ ಹಾಗಾಯಿತು. ಅವಳು ಸಂಘದಲ್ಲಿ ಸಾಲ ತೆಗೆದಳು.

ಇದರ ಇನ್ನೊಂದು ಮುಖವೂ ಇದೆ. ಇಎಸ್‌ಐ ಹೊರಗಿನವರ ಹೆರಿಗೆ ರಜೆಯ ಸಂಬಳವನ್ನು ಮಾಲೀಕರೇ ಕೊಡಬೇಕು. 1961ರ ಹೆರಿಗೆ ಭತ್ಯೆ ಕಾಯ್ದೆ ಹಾಗೆ ಹೇಳಿತ್ತು. 2017ರಲ್ಲಿ ಅದನ್ನು 26 ವಾರಕ್ಕೆ ಏರಿಸಿದರು. ಏರಿಸಿದ್ದು ಒಳ್ಳೆಯದೇ. ಆದರೆ ಖರ್ಚನ್ನು ಹಂಚಲಿಲ್ಲ. ಒಂದು ಕಾರ್ಖಾನೆ, ಒಂದು ಅಂಗಡಿ, ಒಂದು ಶಾಲೆಯ ತಲೆ ಮೇಲೆ ಪೂರ್ತಿ ಹಾಕಿದರು. ಅದರ ಫಲ ಏನು ಅಂತ ನನ್ನ ಥರದ ಕೆಲಸ ಮಾಡುವವರನ್ನು ಕೇಳಿ. ಸಂದರ್ಶನದಲ್ಲಿ ‘ಮದುವೆ ಆಗಿದೆಯಾ’ ಅನ್ನುವ ಪ್ರಶ್ನೆ. ಬಾಯಲ್ಲಿ ಕೇಳದವರು ಬಯೋಡೇಟಾದಲ್ಲಿ ವಯಸ್ಸು ನೋಡುತ್ತಾರೆ. ಖರ್ಚು ಎಲ್ಲರ ಮೇಲೂ ಹಂಚಿಹೋದರೆ ಯಾವ ಮಾಲೀಕನಿಗೂ ಹೆಣ್ಣುಮಗಳೊಬ್ಬಳು ‘ಖರ್ಚಿನ ಬಾಬ್ತು’ ಆಗಿ ಕಾಣುವುದಿಲ್ಲ. ಹೆರಿಗೆಯ ವಿಷಯದಲ್ಲಿ ವಿಮೆ ಕಡ್ಡಾಯ ಆಗಬೇಕು ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಕರುಣೆಗಿಂತ ಹೆಚ್ಚಾಗಿ ಇದು ಲೆಕ್ಕದ ಮಾತು.

ವಿಮೆ ಕಂಪನಿಯವರ ಲೆಕ್ಕವೂ ಒಂದಿದೆ. ಅದನ್ನು ತಳ್ಳಿಹಾಕಬಾರದು. ಅವರು ಹೇಳುವುದೇನೆಂದರೆ, ಹೃದಯಾಘಾತವನ್ನು ಯಾರೂ ಪ್ಲಾನ್ ಮಾಡಿಕೊಳ್ಳುವುದಿಲ್ಲ, ಬಸಿರನ್ನು ಮಾಡಿಕೊಳ್ಳುತ್ತಾರೆ. ಮಗು ಬೇಕು ಅನ್ನುವವರು ಮಾತ್ರ ಆ ವರ್ಷ ಹೆರಿಗೆ ಕವರ್ ಕೊಳ್ಳುತ್ತಾರೆ, ಹೆತ್ತ ಮೇಲೆ ಬಿಡುತ್ತಾರೆ. ಚೀಟಿಯಲ್ಲಿ ಸೇರಿದವರೆಲ್ಲ ಮೊದಲ ತಿಂಗಳೇ ಎತ್ತಿಕೊಂಡು ಕಟ್ಟುವುದನ್ನು ನಿಲ್ಲಿಸಿದರೆ ಚೀಟಿ ನಡೆಸುವವರು ಊರು ಬಿಡಬೇಕಾಗುತ್ತದೆ. ಸರಿಯಾದ ಮಾತೇ. ಆದರೆ ಇದು ಕಡ್ಡಾಯದ ವಿರುದ್ಧದ ವಾದ ಅಲ್ಲ. ಕಡ್ಡಾಯ ಯಾಕೆ ಬೇಕು ಅನ್ನುವುದಕ್ಕೇ ವಾದ. ಬೇಕಾದವರು ಮಾತ್ರ ಕೊಳ್ಳುವ ಹಾಗೆ ಇಟ್ಟಿರುವುದರಿಂದಲೇ ಅದು ದುಬಾರಿ. ಪ್ರತಿ ಪಾಲಿಸಿಯಲ್ಲೂ, ಗಂಡಸರದ್ದು, ಅರವತ್ತು ದಾಟಿದವರದ್ದು, ಮದುವೆಯೇ ಆಗದವರದ್ದು ಎಲ್ಲದರಲ್ಲೂ ಇದ್ದರೆ ತಲೆಗೆ ಬೀಳುವುದು ಸ್ವಲ್ಪವೇ.

‘ನನಗ್ಯಾಕೆ ಹೆರಿಗೆ ಕವರ್’ ಅಂತ ನಮ್ಮ ಸ್ಟೋರ್ಸ್ ಮ್ಯಾನೇಜರ್ ಒಮ್ಮೆ ಕೇಳಿದರು. ಅವರಿಗೆ ಎರಡು ಹೆಣ್ಣುಮಕ್ಕಳು. ಉತ್ತರ ಹೇಳುವ ಮೊದಲೇ ಅವರೇ ನಕ್ಕರು.

ಕಾನೂನು ಮಾಡಿ ವಿಮೆಯ ಒಳಗೆ ತರುವುದು ನಮ್ಮಲ್ಲಿ ಆಗದ ಕೆಲಸವೇನೂ ಅಲ್ಲ. ಮಾನಸಿಕ ಕಾಯಿಲೆಗಳನ್ನು ಕಂಪನಿಗಳು ಹಿಂದೆ ಹೀಗೇ ಹೊರಗಿಟ್ಟಿದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದೇ ಒಂದು ಉಪಕಲಂ ಬಂತು. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಅಂತ. ಕಂಪನಿಗಳು ಎಳೆದಾಡಿದವು, ಐಆರ್‌ಡಿಎಐ ಮತ್ತೆ ಮತ್ತೆ ಸುತ್ತೋಲೆ ಕಳಿಸಬೇಕಾಯಿತು. ಆದರೆ ಒಳಗೆ ಬಂತು.

ಇನ್ನೊಂದು ವಿಚಿತ್ರ ಕೇಳಿ. 2021ರಲ್ಲಿ ಬಾಡಿಗೆ ತಾಯ್ತನದ ಬಗ್ಗೆ, ಐವಿಎಫ್ ಥರದ ಚಿಕಿತ್ಸೆಗಳ ಬಗ್ಗೆ ಎರಡು ಕಾಯ್ದೆ ಬಂದವು. ಬೇರೆಯವರ ಮಗುವನ್ನು ಹೊರುವ ಹೆಣ್ಣಿಗೆ 36 ತಿಂಗಳ ವಿಮೆ ಮಾಡಿಸಲೇಬೇಕು. ಅಂಡ ದಾನ ಮಾಡುವವಳಿಗೆ 12 ತಿಂಗಳು. ಮಾಡಿಸುವ ದಂಪತಿಯೇ ಅದಕ್ಕೆ ಹಣ ಕೊಡಬೇಕು. ಬಹಳ ಸರಿ. ಹೆರಿಗೆ ಮುಗಿದ ಮೇಲೂ ತೊಂದರೆಗಳು ಬರುತ್ತವೆ ಅಂತ ಸಂಸತ್ತಿಗೆ ಗೊತ್ತಿದೆ ಅನ್ನುವುದು ಇದರಿಂದ ತಿಳಿಯುತ್ತದೆ. ಆದರೆ ತನ್ನದೇ ಮಗುವನ್ನು ಹೊರುವವಳಿಗೆ ಹದಿನೆಂಟನೇ ಕಲಂ. ಇದನ್ನು ಮೊದಲ ಸಲ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

ನಮ್ಮ ಮೈಸೂರು ಸೀಮೆಗಂತೂ ವಿಮೆ, ಸಂತಾನ ನಿಯಂತ್ರಣ ಇವೆರಡೂ ಹೊಸದಲ್ಲ. ಸರ್ಕಾರಿ ನೌಕರರಿಗೆ ಜೀವ ವಿಮೆ ಅನ್ನುವುದು 1891ರಲ್ಲೇ ಮೈಸೂರು ಸಂಸ್ಥಾನದಲ್ಲಿ ಶುರುವಾಯಿತು. ಅದೇ ಮುಂದೆ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಆಯಿತು. ಇವತ್ತಿಗೂ ರಾಜ್ಯ ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಅದರ ಕಡಿತ ಇರುತ್ತದೆ. ಇನ್ನು 1930ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಸಂಸ್ಥಾನದ ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ್ದು ಜಗತ್ತಿನಲ್ಲೇ ಬಹಳ ಮೊದಲು. ದಸರಾ ಬಗ್ಗೆ, ಸ್ಯಾಂಡಲ್ ಸೋಪಿನ ಬಗ್ಗೆ ಹೆಮ್ಮೆ ಪಡುವ ನಾವು ಇದನ್ನು ಯಾಕೆ ಯಾರಿಗೂ ಹೇಳಿಕೊಳ್ಳುವುದಿಲ್ಲವೋ ಗೊತ್ತಿಲ್ಲ. ಸುಮಾರು ನೂರು ವರ್ಷದ ಹಿಂದೆ ಆಸ್ಪತ್ರೆಯ ಕೆಲಸ ಅಂತ ಸರ್ಕಾರ ಒಪ್ಪಿಕೊಂಡದ್ದನ್ನು ಇವತ್ತಿನ ವಿಮೆ ಪುಸ್ತಕ ಒಪ್ಪುತ್ತಿಲ್ಲ.

ಈಗ ನಾನು ಮೊದಲೇ ಹೇಳಿದ ‘ಎಲ್ಲವನ್ನೂ’ ವಿಷಯಕ್ಕೆ ಬರುತ್ತೇನೆ.

ವಿಮೆಗೆ ಒಂದು ಸ್ವಭಾವ ಇದೆ. ಆಸ್ಪತ್ರೆಯಲ್ಲಿ 24 ಗಂಟೆ ಮಲಗಿದರೆ ಹಣ ಕೊಡುತ್ತದೆ, ಕೊಯ್ದರೆ ಕೊಡುತ್ತದೆ. ನಡೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ, ಮಾತ್ರೆ ತೆಗೆದುಕೊಂಡು ಮನೆಗೆ ಬಂದರೆ ಕೊಡುವುದಿಲ್ಲ. ಹೆಣ್ಣಿನ ದೇಹದ ತೊಂದರೆಗಳಲ್ಲಿ ಬಹುಪಾಲು ಈ ಎರಡನೇ ಥರದ್ದು. ಪಿಸಿಒಡಿ, ಥೈರಾಯ್ಡ್, ಜಾಸ್ತಿ ರಕ್ತಸ್ರಾವ, ರಕ್ತಹೀನತೆ, ಬಿಳಿಮುಟ್ಟು, ಬಸಿರಿನ ತಿಂಗಳ ತಪಾಸಣೆ, ಬಾಣಂತಿಯ ಖಿನ್ನತೆ. ಇವೆಲ್ಲ ಹೊರರೋಗಿ ವಿಭಾಗದ ಕಾಯಿಲೆಗಳು. ಗರ್ಭಕೋಶದ ಗಡ್ಡೆ, ಎಂಡೋಮೆಟ್ರಿಯೋಸಿಸ್, ಗರ್ಭಕೋಶ ತೆಗೆಯುವುದು ಇವನ್ನು ಸಾಮಾನ್ಯವಾಗಿ ಎರಡು ವರ್ಷ ಕಾಯುವ ಪಟ್ಟಿಯಲ್ಲಿ ಇಟ್ಟಿರುತ್ತಾರೆ. ಎರಡು ವರ್ಷ ಆದ ಮೇಲೆ ಕೊಯ್ಯುವುದಕ್ಕೆ ಹಣ ಉಂಟು. ಕೊಯ್ಯದೆ ಗುಣ ಮಾಡುವುದಕ್ಕೆ ಇಲ್ಲ.

ಹಣ ಯಾವ ಕಡೆ ಹರಿಯುತ್ತದೋ ಚಿಕಿತ್ಸೆಯೂ ಆ ಕಡೆ ಹೋಗುತ್ತದೆ. 2012ರ ಸುಮಾರಿಗೆ ಛತ್ತೀಸ್‌ಗಢದಲ್ಲಿ, ಬಿಹಾರದಲ್ಲಿ ಬಡವರಿಗೆ ಕೊಟ್ಟ ಸರ್ಕಾರಿ ವಿಮೆ ಕಾರ್ಡಿನ ಮೇಲೆ ಖಾಸಗಿ ಆಸ್ಪತ್ರೆಗಳು ಬೇಡದ ಗರ್ಭಕೋಶ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಇನ್ನೂ ಮೂವತ್ತೂ ತುಂಬದ ಹೆಂಗಸರು. ಬೆನ್ನು ನೋವು, ಬಿಳಿಮುಟ್ಟು ಅಂತ ಹೋದವರು. ‘ಕ್ಯಾನ್ಸರ್ ಆಗುತ್ತದೆ’ ಅಂತ ಹೆದರಿಸಿದ್ದು. ನಮ್ಮದೇ ಕಲಬುರಗಿಯ ತಾಂಡಾಗಳಿಂದ ಇಂಥದ್ದೇ ದೂರು ಬಂತು, ಅಲ್ಲಿ ಜನ ಸಾಲ ಮಾಡಿ ಕೈಯಿಂದ ಹಣ ಕೊಟ್ಟಿದ್ದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ಬಂದಾಗ ಮಂಡ್ಯದವಳಾದ ನನಗೆ ಆ ಪೇಪರ್ ಪಕ್ಕಕ್ಕಿಡಲು ಆಗಲಿಲ್ಲ. ಮುಟ್ಟಾದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ದಂಡ, ಅದಕ್ಕೆ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಇರುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಹೇಳಿತು.

ಮದ್ದೂರು, ಮಳವಳ್ಳಿ ಕಡೆ ನಮ್ಮ ನೆಂಟರ ಮನೆಗಳಲ್ಲಿ ನಲವತ್ತು ದಾಟಿದ ಹೆಂಗಸರು ಕೂತು ಮಾತಾಡುವಾಗ ‘ನಂಗೂ ಚೀಲ ತೆಗ್ದವ್ರೆ’ ಅನ್ನುವುದು ಹಲ್ಲು ಕೀಳಿಸಿದಷ್ಟು ಸಲೀಸು. ಅದರ ಜೊತೆ ಅಂಡಾಶಯವನ್ನೂ ತೆಗೆದಿದ್ದಾರೋ ಇಲ್ಲವೋ ಅಂತ ಅವರಲ್ಲಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ತೆಗೆದರೆ ಮುಟ್ಟು ನಿಲ್ಲುವ ಕಾಲ ವರ್ಷಗಟ್ಟಲೆ ಮೊದಲೇ ಬರುತ್ತದೆ, ಮೂಳೆ ಸವೆಯುತ್ತದೆ. ಹಾಲಿನ ಡೈರಿಯ ಮೂಲಕ ಮಾಡಿಸಿಕೊಂಡ ಯಶಸ್ವಿನಿ ಕಾರ್ಡಿನ ಬಗ್ಗೆ ನನಗೆ ತುಂಬಾ ಗೌರವ ಇದೆ. 2003ರಲ್ಲಿ ಶುರುವಾದಾಗ ರೈತರಿಗೆ ಅಂಥದ್ದೊಂದು ಬಹಳ ಅಪರೂಪ. ಮಧ್ಯೆ ನಿಂತು, 2022ರಲ್ಲಿ ಮತ್ತೆ ಬಂತು. ಆದರೆ ಅದೂ ಮುಖ್ಯವಾಗಿ ಆಪರೇಷನ್ನಿನ ಕಾರ್ಡೇ.

ಸಂತಾನ ನಿಯಂತ್ರಣದಲ್ಲೂ ಇದೇ ಕಥೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ‘ಆಪರೇಷನ್’ ಮಾಡಿಸಿಕೊಂಡವರು ಅಂತ ಅದೇ ಸಮೀಕ್ಷೆ ಹೇಳುತ್ತದೆ. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು. ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಬೇಗ ಎರಡು ಮಕ್ಕಳು, ಎರಡನೇ ಹೆರಿಗೆಯ ಜೊತೆಗೇ ಆಪರೇಷನ್, ಇಪ್ಪತ್ತೈದಕ್ಕೆ ಎಲ್ಲ ಮುಗಿಯಿತು. ನಡುವೆ ವಂಕಿ, ಅಂದರೆ ಕಾಪರ್-ಟಿ ಹಾಕಿಸಿಕೊಳ್ಳುವುದು, ಮೂರು ತಿಂಗಳಿಗೊಮ್ಮೆ ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ. ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇರುತ್ತಾರೆ. ಆದರೂ ದಾರಿ ಆಪರೇಷನ್ ಕಡೆಗೇ ಇಳಿಜಾರು. ಖಾಸಗಿ ಡಾಕ್ಟರ ಹತ್ತಿರ ಹೋಗುವವಳಿಗೆ ವಿಮೆಯಲ್ಲಿ ವಂಕಿಗೂ ಹಣ ಇಲ್ಲ.

ಹಾಗಾಗಿ ‘ಹೆರಿಗೆ ಕವರ್ ಕಡ್ಡಾಯ’ ಅಂತ ಒಂದು ಸಾಲಿನ ಕಾನೂನು ಬಂದರೆ ನನಗೆ ಸಂತೋಷಕ್ಕಿಂತ ಭಯವೇ ಜಾಸ್ತಿ. ನಾರ್ಮಲ್‌ಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು ಅಂತ ಎರಡು ಮಿತಿ ಬರೆಯುತ್ತಾರೆ, ಸಿಸೇರಿಯನ್‌ದು ದೊಡ್ಡದಿರುತ್ತದೆ. ಆಸ್ಪತ್ರೆ ಯಾವ ಕಡೆ ವಾಲುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ? ಎರಡಕ್ಕೂ ಒಂದೇ ಮೊತ್ತ ಇರಬೇಕು. ತಿಂಗಳ ತಪಾಸಣೆ, ಸ್ಕ್ಯಾನ್, ಗರ್ಭ ನಿರೋಧಕ, ಗರ್ಭಪಾತ, ಬಾಣಂತನದ ಆರೈಕೆ ಎಲ್ಲ ಹೊರರೋಗಿ ಖರ್ಚಾಗಿಯೇ ಒಳಗೆ ಬರಬೇಕು. ಹುಟ್ಟಿದ ಮಗು ಮೊದಲ ದಿನದಿಂದ ಒಳಗಿರಬೇಕು. ಈಗ ಎಷ್ಟೋ ಪಾಲಿಸಿಗಳಲ್ಲಿ ಮಗುವನ್ನು ಸೇರಿಸುವುದು 91ನೇ ದಿನದಿಂದ. ತಿಂಗಳು ತುಂಬದೆ ಹುಟ್ಟಿದ ಕೂಸು ಐಸಿಯುನಲ್ಲಿ ಇರುವುದು ಆ ಮೊದಲ ತಿಂಗಳುಗಳಲ್ಲೇ.

ಗರ್ಭಪಾತದ ಮಾತು ಬಂದ ಕೂಡಲೇ ಮಂಡ್ಯದಲ್ಲಿ ಯಾರಾದರೂ ಆಲೆಮನೆ ವಿಷಯ ಎತ್ತುತ್ತಾರೆ. 2023ರ ಕೊನೆಯಲ್ಲಿ ಪೊಲೀಸರು ಹಿಡಿದ ಜಾಲ. ಬೆಲ್ಲ ಕಾಯಿಸುವ ಜಾಗದಲ್ಲಿ ಕದ್ದು ಸ್ಕ್ಯಾನಿಂಗ್, ಹೆಣ್ಣು ಅಂತ ಗೊತ್ತಾದರೆ ತೆಗೆಸುವುದು. ಅದರ ಎಳೆ ಮೈಸೂರಿನ ಖಾಸಗಿ ಆಸ್ಪತ್ರೆವರೆಗೂ ಹೋಯಿತು. ನಾಚಿಕೆಗೇಡು. ‘ವಿಮೆಯಲ್ಲೂ ಗರ್ಭಪಾತಕ್ಕೆ ಹಣ ಕೊಟ್ಟರೆ ಇಂಥವರಿಗೆ ಇನ್ನೂ ಅನುಕೂಲ’ ಅಂತ ನನ್ನ ಚಿಕ್ಕಪ್ಪನೇ ವಾದ ಮಾಡಿದರು.

ನನಗೆ ಅದು ತಲೆಕೆಳಗಾದ ವಾದ ಅನ್ನಿಸುತ್ತದೆ. ಆಲೆಮನೆಗೆ ಹೋದವರು ಕ್ಯಾಶ್ ಕೊಟ್ಟು ಹೋದರು. ಹೆಸರು ಇಲ್ಲ, ಬಿಲ್ಲು ಇಲ್ಲ, ದಾಖಲೆ ಇಲ್ಲ. ವಿಮೆ ಕೇಳುವುದೇ ದಾಖಲೆಯನ್ನು. ನೋಂದಾಯಿತ ಆಸ್ಪತ್ರೆ, ಡಾಕ್ಟರ ಸಹಿ, ಎಷ್ಟು ವಾರ, ಕಾರಣ ಏನು. ನಾನು ಕಂಡಂತೆ ವಿಮೆ ಕಂಪನಿಯ ಹಾಗೆ ಕಾಗದ ಕೇಳುವವರು ಭೂಮಿ ಮೇಲೆ ಇನ್ನಿಲ್ಲ. ಲಿಂಗ ಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ, ಗರ್ಭಪಾತ 1971ರ ಕಾಯ್ದೆಯ ಪ್ರಕಾರ ಚಿಕಿತ್ಸೆ. ಎರಡನ್ನೂ ಒಂದೇ ಗಂಟು ಕಟ್ಟಿದರೆ ನಷ್ಟ ಆಗುವುದು ಚಿಕಿತ್ಸೆ ಬೇಕಾದವಳಿಗೆ. 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದವರಿಗೆ 24 ವಾರದವರೆಗೆ ಅವಕಾಶ ಬಂತು. ಮದುವೆಯಾಗದವರಿಗೂ ಅದೇ ಹಕ್ಕು ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಇಷ್ಟು ದೂರ ಬಂದಿದೆ. ಆದರೆ ಹುಡುಗಿ ಕೈಯಲ್ಲಿ ಹಣ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಯಾರೋ ಹೇಳಿದ ಮಾತ್ರೆ ನುಂಗಿ, ರಕ್ತ ನಿಲ್ಲದೆ, ರಾತ್ರಿ ಆಟೋದಲ್ಲಿ ಆಸ್ಪತ್ರೆಗೆ ಬರುತ್ತಾಳೆ. ಆ ಅಡ್ಮಿಷನ್ನಿಗೂ ಕಂಪನಿ ಹದಿನೆಂಟನೇ ಕಲಂ ತೋರಿಸುತ್ತದೆ.

ಅಮೆರಿಕದಲ್ಲಿ ಇದು ಉಲ್ಟಾ. ಅಲ್ಲಿ 2012ರಿಂದ ಹೆಚ್ಚಿನ ಪಾಲಿಸಿಗಳು ಗರ್ಭ ನಿರೋಧಕಕ್ಕೆ ಪೂರ್ತಿ ಹಣ ಕೊಡಬೇಕು. 2014ರಿಂದ ಜನ ತಾವೇ ಕೊಳ್ಳುವ ಹೊಸ ಪಾಲಿಸಿಗಳಲ್ಲೂ ಹೆರಿಗೆ ಕವರ್ ಇರಲೇಬೇಕು. ಅದಕ್ಕೆ ಮುಂಚೆ ಅಲ್ಲೂ ಅಂಥ ಪಾಲಿಸಿಗಳು ನಮ್ಮ ಹಾಗೇ ಹೆರಿಗೆಯನ್ನು ಹೊರಗಿಡುತ್ತಿದ್ದವು. ಓರೆಗಾನ್ ರಾಜ್ಯ 2017ರಲ್ಲಿ ಗರ್ಭಪಾತವನ್ನೂ ಸೇರಿಸಿ ಕಾನೂನು ಮಾಡಿತು. ಆದರೆ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನೇ ತೆಗೆದುಹಾಕಿತು. ಈಗ ಎಷ್ಟೋ ರಾಜ್ಯಗಳಲ್ಲಿ ಅದು ನಿಷಿದ್ಧ. ಅಲ್ಲಿ ವಿಮೆ ಇದೆ, ಹಕ್ಕಿಗೆ ಪರದಾಟ. ನಮ್ಮಲ್ಲಿ ಹಕ್ಕು ಇದೆ, ಹಣಕ್ಕೆ ಪರದಾಟ. ನಮ್ಮದು ಸುಲಭವಾಗಿ ಸರಿ ಮಾಡಬಹುದಾದ ಸಮಸ್ಯೆ ಅಂತ ನನಗನ್ನಿಸುತ್ತದೆ. ಸಂವಿಧಾನ ತಿದ್ದಬೇಕಾಗಿಲ್ಲ, ಪಟ್ಟಿಯಿಂದ ಎರಡು ನಂಬರ್ ತೆಗೆಯಬೇಕು.

ಐವಿಎಫ್ ಬಗ್ಗೆ ಕೇಳುವವರು ಇರುತ್ತಾರೆ. ಮೈಸೂರು–ಬೆಂಗಳೂರು ರಸ್ತೆಯುದ್ದಕ್ಕೂ ನಗುವ ಮಗುವಿನ ಬೋರ್ಡುಗಳು. ಒಂದು ಸುತ್ತಿಗೆ ಒಂದೂವರೆ ಲಕ್ಷ, ಎರಡು ಲಕ್ಷ. ಒಂದು ಸುತ್ತಿನಲ್ಲಿ ಆಗುತ್ತದೆ ಅನ್ನುವ ಭರವಸೆ ಇಲ್ಲ. ಆಯುಷ್ಮಾನ್ ಭಾರತದಲ್ಲೂ ಬಂಜೆತನದ ಚಿಕಿತ್ಸೆ ಇಲ್ಲ. ಮಕ್ಕಳಾಗದವರ ಸಂಕಟ ನಮ್ಮ ಊರುಗಳಲ್ಲಿ ಎಂಥದ್ದು ಅಂತ ನನಗೆ ಗೊತ್ತು. ಆದರೂ ಮೊದಲ ದಿನವೇ ಐವಿಎಫ್ ಕಡ್ಡಾಯ ಅಂದರೆ ನಾನು ಒಪ್ಪುವುದಿಲ್ಲ. ಮೊದಲು ಪರೀಕ್ಷೆಗಳು ಬರಲಿ, ಗಂಡನದ್ದೂ ಸೇರಿ. ಮಾತ್ರೆ, ಚುಚ್ಚುಮದ್ದಿನ ಚಿಕಿತ್ಸೆ ಬರಲಿ. ಇಲ್ಲದಿದ್ದರೆ ಗರ್ಭಕೋಶದ ಆಪರೇಷನ್ನಿನ ಕಥೆ ಇಲ್ಲೂ ಆಗುತ್ತದೆ. ವೀರ್ಯ ಪರೀಕ್ಷೆಯನ್ನೂ ಮಾಡಿಸದ ಗಂಡ, ಮೂರನೇ ಸುತ್ತಿನ ಐವಿಎಫ್‌ಗೆ ತಯಾರಾಗುತ್ತಿರುವ ಹೆಂಡತಿ.

ಪ್ರೀಮಿಯಂ ಏರುತ್ತದಾ? ಏರುತ್ತದೆ. ಏರುವುದಿಲ್ಲ ಅಂತ ಹೇಳುವವರನ್ನು ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಮನೆಯವರು ಕೊಳ್ಳುವ ಆರೋಗ್ಯ ಪಾಲಿಸಿಗೆ ಇದ್ದ ಶೇ. 18 ಜಿಎಸ್‌ಟಿ ತೆಗೆದರು. ಆ ಉಳಿತಾಯದ ಸ್ವಲ್ಪ ಭಾಗ ಇದಕ್ಕೆ ಹೋದರೆ ಯಾರಿಗೂ ಹೊಸ ಭಾರ ಅನ್ನಿಸುವುದಿಲ್ಲ. ನಮ್ಮಂಥ ಕಂಪನಿಗಳ ಗುಂಪು ಪಾಲಿಸಿಗೆ ತೆರಿಗೆ ಹಾಗೇ ಉಳಿದಿದೆ. ಅದನ್ನೂ ತೆಗೆಯಲಿ.

ಆ ಹುಡುಗಿಯ ಕ್ಲೇಮ್ ವಾಪಸ್ ಬಂದ ಮೇಲೆ ನಾನು ನವೀಕರಣದ ಸಮಯದಲ್ಲಿ ಏಜೆಂಟರ ಜೊತೆ ಕೂತೆ. ಗರ್ಭಪಾತವನ್ನು, ತಾನಾಗಿ ಆದದ್ದನ್ನೂ ಮಾಡಿಸಿಕೊಂಡದ್ದನ್ನೂ, ಹೆರಿಗೆಯ ಮಿತಿಯೊಳಗೇ ಸೇರಿಸಿ ಅಂದೆ. ಸೇರಿಸಿದರು. ಪ್ರೀಮಿಯಂ ನಾನು ಹೆದರಿದಷ್ಟು ಏರಲಿಲ್ಲ, ಸಾಹೇಬರು ಸಹಿ ಹಾಕುವಾಗ ಇನ್ನೊಮ್ಮೆ ನೋಡಲೂ ಇಲ್ಲ. ಮಗು ಮೊದಲ ದಿನದಿಂದ ಅಂತ ಕೇಳಿದೆ. ಅದಕ್ಕೂ ಒಪ್ಪಿದರು. ವಂಕಿ, ಚುಚ್ಚುಮದ್ದು, ಹೊರರೋಗಿ ತಪಾಸಣೆ ಅಂದೆ. ‘ಮೇಡಂ, ಅದು ಸಿಸ್ಟಮ್ಮಲ್ಲೇ ಇಲ್ಲ’ ಅಂದರು. ಅಲ್ಲಿಗೆ ನಿಂತಿತು. ಅದು ಒಬ್ಬ ಏಜೆಂಟರ ಕೈಯಲ್ಲೂ ಇಲ್ಲ, ಒಂದು ಕಾರ್ಖಾನೆಯ ಕೈಯಲ್ಲೂ ಇಲ್ಲ. ಐಆರ್‌ಡಿಎಐ ಸುತ್ತೋಲೆ ಬರೆಯಬೇಕು, ಅದಕ್ಕೆ ಸಂಸತ್ತು ಹೇಳಬೇಕು.

ಅಲ್ಲಿವರೆಗೆ, ನಿಮ್ಮ ಆಫೀಸಿನ ಪಾಲಿಸಿ ಏಪ್ರಿಲ್‌ನಲ್ಲಿ ನವೀಕರಣ ಆಗುವುದಾದರೆ ಫೆಬ್ರವರಿಯಲ್ಲೇ ಹೋಗಿ ಕೇಳಿ. ಹೆರಿಗೆ ಮಿತಿ ಎಷ್ಟು, ಗರ್ಭಪಾತ ಅದರೊಳಗಿದೆಯಾ, ನಾರ್ಮಲ್‌ಗೂ ಸಿಸೇರಿಯನ್‌ಗೂ ಮೊತ್ತ ಒಂದೇನಾ, ಮಗು ಯಾವ ದಿನದಿಂದ. ಕೇಳಲು ಮುಜುಗರ ಆದರೆ ಇಬ್ಬರು ಮೂವರು ಒಟ್ಟಿಗೆ ಹೋಗಿ. ಮಾರ್ಚ್ ಕೊನೆಯಲ್ಲಿ ಮಾತ್ರ ಬರಬೇಡಿ. ಆಗ ನನ್ನಂಥವರ ಮೇಜಿನ ಮೇಲೆ ವರ್ಷದ ಲೆಕ್ಕ ಬಿದ್ದಿರುತ್ತದೆ, ಹಳೆ ಪಾಲಿಸಿಯನ್ನೇ ಕಾಪಿ ಮಾಡಿ ಕಳಿಸಿಬಿಡುತ್ತೇವೆ.